ವಿಧವಾ ಪಿಂಚಣಿ: ಹೆಚ್ಚಿಸಿದರೆ ಬೊಕ್ಕಸಕ್ಕೆ ಹೊರೆ, ಹೆಚ್ಚಿಸದಿದ್ದರೆ ಯಾರಿಗೆ?

ಇವತ್ತಿನ ಸಂಚಿಕೆ ಪೂರ್ತಿ ಒಂದು ಲೆಕ್ಕ. ಇಯರ್‌ಫೋನ್ ಕಿವಿಯಲ್ಲೇ ಇರಲಿ, ಜೊತೆಗೆ ಮೊಬೈಲ್‌ನ ಕ್ಯಾಲ್ಕುಲೇಟರ್ ಕೂಡ ತೆರೆದಿಟ್ಟುಕೊಳ್ಳಿ. ನಾನು ಹೇಳೋ ಮೊತ್ತಗಳನ್ನ ನೀವೇ ಗುಣಿಸಿ ನೋಡಿದ್ರೆ ಒಳ್ಳೇದು. ಯಾಕಂದ್ರೆ ಈ ವಿಷಯದಲ್ಲಿ ‘ಕೋಟಿ’ ಅನ್ನೋ ಪದ ಕೇಳಿದ ಕೂಡಲೇ ನಾವೆಲ್ಲ ಸುಮ್ಮನಾಗಿಬಿಡ್ತೀವಿ.

ವಿಷಯ ವಿಧವಾ ಪಿಂಚಣಿ. ಗಂಡ ತೀರಿಕೊಂಡ ಬಡ ಹೆಣ್ಣುಮಕ್ಕಳಿಗೆ ಸರ್ಕಾರ ತಿಂಗಳು ತಿಂಗಳು ಕೊಡೋ ದುಡ್ಡು. ಕಡತದಲ್ಲಿ ಇದರ ಹೆಸರು ‘ನಿರ್ಗತಿಕ ವಿಧವಾ ವೇತನ’. ಕರ್ನಾಟಕದಲ್ಲಿ 1984ರಿಂದ ಇದೆ. 18 ವರ್ಷ ತುಂಬಿದವರಿಗೆ ಸಿಗುತ್ತೆ. ಮರುಮದುವೆಯಾದರೆ ನಿಲ್ಲುತ್ತೆ.

ಈಗ ಒಂದು ದಿನಾಂಕ. 2021ರ ಜುಲೈ 28. ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನ. ಅವತ್ತೇ ಅವರು ಮಾಡಿದ ಘೋಷಣೆಗಳಲ್ಲಿ ಇದೂ ಒಂದು: ವಿಧವಾ ವೇತನ 600 ರೂಪಾಯಿಯಿಂದ 800 ರೂಪಾಯಿಗೆ ಏರಿಕೆ. ಇದರಿಂದ 17.25 ಲಕ್ಷ ಮಹಿಳೆಯರಿಗೆ ಅನುಕೂಲ, ಸರ್ಕಾರಕ್ಕೆ ವರ್ಷಕ್ಕೆ 414 ಕೋಟಿ ರೂಪಾಯಿ ಹೆಚ್ಚುವರಿ ಖರ್ಚು.

ಕ್ಯಾಲ್ಕುಲೇಟರ್ ತಗೊಳ್ಳಿ. 17 ಲಕ್ಷ 25 ಸಾವಿರ, ಗುಣಿಸು 200, ಗುಣಿಸು 12. ಬಂತಾ? ಸರಿಯಾಗಿ 414 ಕೋಟಿ. ಸರ್ಕಾರದ ಲೆಕ್ಕ ಎಷ್ಟು ಸರಳ ಅಂತ ನೋಡಿ. ಎಷ್ಟು ಜನ, ಎಷ್ಟು ರೂಪಾಯಿ, 12 ತಿಂಗಳು. ಇಷ್ಟೇ.

ಇಂಥ ಘೋಷಣೆ ಬಂದಾಗೆಲ್ಲ ಒಂದು ಮಾತು ಕೇಳ್ತೀವಿ: ‘ಬೊಕ್ಕಸಕ್ಕೆ ಇಷ್ಟು ಕೋಟಿ ಹೊರೆ’. ನನ್ನ ಇವತ್ತಿನ ಪ್ರಶ್ನೆ ಈ ‘ಹೊರೆ’ ಅನ್ನೋ ಪದದ ಬಗ್ಗೆ. ಪಿಂಚಣಿ ಹೆಚ್ಚಿಸಿದರೆ ಬೊಕ್ಕಸಕ್ಕೆ ಹೊರೆ, ಒಪ್ಪೋಣ. ಹೆಚ್ಚಿಸದೇ ಇದ್ದರೆ ಆ ಹೊರೆ ಇಲ್ಲವಾಗುತ್ತಾ? ಇಲ್ಲ. ಅದು ಬೇರೆಯವರ ತಲೆಗೆ ಹೋಗುತ್ತೆ. ಆದರೆ ಆ ಖರ್ಚನ್ನ ಯಾವ ಬಜೆಟ್ ಪುಸ್ತಕದಲ್ಲೂ ಬರೆಯೋದಿಲ್ಲ.

ಹೇಗೆ ಅಂತ ಹೇಳ್ತೀನಿ. 2021ರ ಜುಲೈಯಿಂದ 2025ರ ಜುಲೈವರೆಗೆ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು ಶೇ 20ರಷ್ಟು ಏರಿದೆ. ಅಂದ್ರೆ, 2021ರಲ್ಲಿ 800 ರೂಪಾಯಿಗೆ ಬರ್ತಿದ್ದ ಸಾಮಾನು ತರೋಕೆ 2025ರಲ್ಲಿ 960 ರೂಪಾಯಿ ಬೇಕಾಯ್ತು. ತಿರುಗಿಸಿ ಹೇಳಿದ್ರೆ, ಆ 800 ರೂಪಾಯಿಯ ಬೆಲೆ ನಾಲ್ಕೇ ವರ್ಷದಲ್ಲಿ 660ರ ಆಸುಪಾಸಿಗೆ ಇಳಿಯಿತು. 600ರಿಂದ 800 ಮಾಡಿದಾಗ ಸಿಕ್ಕಿದ್ದು 200. ಅದರಲ್ಲಿ ಹತ್ತಿರ ಹತ್ತಿರ 140 ರೂಪಾಯಿಯನ್ನ ಬೆಲೆ ಏರಿಕೆ ತಿಂದುಹಾಕಿತು.

ಈಗ ಈ 140 ರೂಪಾಯಿಯನ್ನ ಸರ್ಕಾರದ ಲೆಕ್ಕದ ರೀತಿಯಲ್ಲೇ ಗುಣಿಸೋಣ. 17.25 ಲಕ್ಷ ಜನ, 140 ರೂಪಾಯಿ, 12 ತಿಂಗಳು. ಹತ್ತಿರ ಹತ್ತಿರ 290 ಕೋಟಿ. ಇದು ವರ್ಷಕ್ಕೆ ಈ ಹೆಣ್ಣುಮಕ್ಕಳು ಕಳೆದುಕೊಳ್ತಿರೋ ಮೊತ್ತ. 800 ರೂಪಾಯಿಯನ್ನ 660 ಮಾಡ್ತೀವಿ ಅಂತ ಯಾವುದಾದ್ರೂ ಸರ್ಕಾರ ಆದೇಶ ಹೊರಡಿಸಿದ್ದರೆ ವಿಧಾನಸಭೆಯಲ್ಲಿ ಗಲಾಟೆ ಆಗ್ತಿತ್ತು, ಟಿವಿಯಲ್ಲಿ ಚರ್ಚೆ ಆಗ್ತಿತ್ತು. ಆದೇಶವೇ ಇಲ್ಲದೆ ಅದೇ ಕೆಲಸ ಆದರೆ ಯಾರಿಗೂ ಸುದ್ದಿ ಆಗೋದಿಲ್ಲ.

ಸರ್ಕಾರಿ ನೌಕರರಿಗೂ ಬೆಲೆ ಏರಿಕೆ ತಟ್ಟುತ್ತೆ. ಅದಕ್ಕೇ ಅವರಿಗೆ ತುಟ್ಟಿಭತ್ಯೆ ಇದೆ. ಜನವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ ಸೂಚ್ಯಂಕ ನೋಡಿ ಲೆಕ್ಕ ಹಾಕ್ತಾರೆ. ಅದು ತಪ್ಪು ಅಂತ ನಾನು ಹೇಳ್ತಿಲ್ಲ, ಅದು ನ್ಯಾಯವೇ. ಆದರೆ ವಿಧವಾ ‘ವೇತನ’ದ ಹೆಸರಲ್ಲೂ ವೇತನ ಅಂತಲೇ ಇದೆ. ಆ ವೇತನಕ್ಕೆ ತುಟ್ಟಿಭತ್ಯೆ ಇಲ್ಲ. ಯಾರೋ ಒಬ್ಬ ಮುಖ್ಯಮಂತ್ರಿಗೆ ಮನಸ್ಸು ಬರೋತನಕ ಕಾಯಬೇಕು.

ಇನ್ನು ಕೇಂದ್ರ ಸರ್ಕಾರದ ಕಡೆ ನೋಡೋಣ. ಅಲ್ಲಿ ಕಾಯೋದು ಇನ್ನೂ ಉದ್ದ. ಇಂದಿರಾ ಗಾಂಧಿ ರಾಷ್ಟ್ರೀಯ ವಿಧವಾ ಪಿಂಚಣಿ ಯೋಜನೆ ಶುರುವಾಗಿದ್ದು 2009ರಲ್ಲಿ, ತಿಂಗಳಿಗೆ 200 ರೂಪಾಯಿಯಂತೆ. 2012ರಲ್ಲಿ ಅದನ್ನ 300 ಮಾಡಿದರು. ಆಮೇಲೆ ಆ ಮೊತ್ತ ಅಲ್ಲೇ ನಿಂತುಬಿಟ್ಟಿತು. 2012ರಿಂದ 2025ರ ಹೊತ್ತಿಗೆ ಬೆಲೆಗಳು ದುಪ್ಪಟ್ಟಿಗೆ ಹತ್ತಿರ ಬಂದಿವೆ. ಹಾಗಾಗಿ ಆ 300 ಈಗ ಸುಮಾರು 160 ರೂಪಾಯಿಯ ಕೆಲಸ ಮಾಡುತ್ತೆ. ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಈ ಮೊತ್ತ ಏನಕ್ಕೂ ಸಾಲದು, ಹೆಚ್ಚಿಸಿ ಅಂತ ಮತ್ತೆ ಮತ್ತೆ ಬರೆದಿದೆ. ವಿಧವಾ, ವೃದ್ಧಾಪ್ಯ, ಅಂಗವಿಕಲರ ಪಿಂಚಣಿ ಎಲ್ಲ ಸೇರಿದ ಕೇಂದ್ರದ ಕಾರ್ಯಕ್ರಮಕ್ಕೆ 2024-25ರಲ್ಲಿ ಇಟ್ಟ ಹಣ 9,652 ಕೋಟಿ. 2025-26ರಲ್ಲಿ? ಅದೇ 9,652 ಕೋಟಿ.

ಕೇಂದ್ರದ ಯೋಜನೆಗೆ ಇನ್ನೂ ಎರಡು ಬೇಲಿ ಇವೆ. ಒಂದು, ವಯಸ್ಸು. 40 ತುಂಬದ ವಿಧವೆಗೆ ಕೇಂದ್ರ ಒಂದು ರೂಪಾಯಿಯನ್ನೂ ಕೊಡೋದಿಲ್ಲ. ಎರಡು, ಪ್ರತಿ ರಾಜ್ಯಕ್ಕೂ ಇಂತಿಷ್ಟೇ ಜನ ಅನ್ನೋ ಮಿತಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ 4 ಕೋಟಿಗೂ ಹೆಚ್ಚು ವಿಧವೆಯರಿದ್ದರು. ಕೇಂದ್ರದ ವಿಧವಾ ಪಿಂಚಣಿ ತಲುಪೋದು ಸುಮಾರು 67 ಲಕ್ಷ ಜನಕ್ಕೆ. ಕರ್ನಾಟಕದಲ್ಲಿ ಕೇಂದ್ರದ ಪಟ್ಟಿಗೆ ಸೇರಿದವರ 800ರಲ್ಲಿ 300 ಕೇಂದ್ರದ್ದು, 500 ರಾಜ್ಯದ್ದು. ಆ ಪಟ್ಟಿಗೆ ಸೇರದವರ ಪೂರ್ತಿ 800 ರಾಜ್ಯದ್ದೇ. ಹೊರೆ ಹೇಗೆ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗುತ್ತೆ ನೋಡಿ. ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಆ ಹೆಣ್ಣುಮಗಳಿಗೆ.

ಈಗ ಆ ಹೆಣ್ಣುಮಗಳ ಕಡೆಯಿಂದ ಲೆಕ್ಕ ಮಾಡೋಣ. ಇದು ಒಬ್ಬರ ಕಥೆ ಅಲ್ಲ, ನಿಯಮ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಕೆ ಒಂದು ಉದಾಹರಣೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. 29 ವರ್ಷದ ಹೆಂಗಸು. ಗಂಡ ತೀರಿಕೊಂಡಿದ್ದಾನೆ. ಒಂದು ಮಗು. ಇರೋದು ಅತ್ತೆಮನೆಯಲ್ಲಿ.

ಅವಳು ನಾಡಕಚೇರಿಗೆ ಅರ್ಜಿ ಹಾಕಬೇಕು. ಗಂಡನ ಮರಣ ಪ್ರಮಾಣಪತ್ರ ಬೇಕು, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಬೇಕು, ಆದಾಯ ಪ್ರಮಾಣಪತ್ರ ಬೇಕು. ಶಕ್ತಿ ಯೋಜನೆ ಇರೋದರಿಂದ ಬಸ್ ಚಾರ್ಜ್ ಇಲ್ಲ, ಸರಿ. ಆದರೆ ಕೂಲಿ? 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎರಡು ದಿನ ಕೆಲಸ ಬಿಟ್ಟು ಕಚೇರಿಗೆ ಅಲೆದರೆ 740 ಹೋಯ್ತು. ಒಂದು ತಿಂಗಳ ಪಿಂಚಣಿ ಕೈಗೆ ಬರೋ ಮೊದಲೇ ಹೆಚ್ಚೂಕಡಿಮೆ ಖಾಲಿ. ‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನೋ ಒಂದು ಮಾತಿನ ಬೆಲೆ 370 ರೂಪಾಯಿ. ಆ ದುಡ್ಡು ಯಾವ ಇಲಾಖೆಯ ಖರ್ಚಿನಲ್ಲೂ ಕಾಣೋದಿಲ್ಲ.

ಈಗ ಆದಾಯ ಪ್ರಮಾಣಪತ್ರಕ್ಕೆ ಬನ್ನಿ. ಈ ಪಿಂಚಣಿಗೆ ಕುಟುಂಬದ ವಾರ್ಷಿಕ ಆದಾಯ ಮಿತಿ 32,000 ರೂಪಾಯಿ. ತಿಂಗಳಿಗೆ 2,667. ಇನ್ನೊಂದು ಸಲ ಕ್ಯಾಲ್ಕುಲೇಟರ್ ತಗೊಳ್ಳಿ. 2025-26ರ ಕೂಲಿಯಂತೆ ಉದ್ಯೋಗ ಖಾತ್ರಿಯಲ್ಲಿ 100 ದಿನ ಕೆಲಸ, ದಿನಕ್ಕೆ 370. ಎಷ್ಟಾಯ್ತು? 37,000.

ಅಂದ್ರೆ, ಉದ್ಯೋಗ ಖಾತ್ರಿಯ ಕೂಲಿ ಕೆಲಸವನ್ನ 100 ದಿನ ಪೂರ್ತಿ ಮಾಡಿದ ಹೆಂಗಸು, ಅದೊಂದೇ ಆದಾಯದಿಂದ ಈ ಮಿತಿಯನ್ನ ದಾಟಿಬಿಡ್ತಾಳೆ. ಸರ್ಕಾರದ ಒಂದು ಯೋಜನೆಯ ಕೂಲಿಯೇ ಅವಳನ್ನ ಇನ್ನೊಂದು ಯೋಜನೆಯ ಮಿತಿಯಿಂದ ಹೊರಗೆ ಹಾಕುತ್ತೆ. ಹಾಗಾದ್ರೆ ಅರ್ಜಿ ಹಾಕೋರು ಏನು ಮಾಡಬೇಕು? ಇರೋ ಆದಾಯ ನಿಜ ಹೇಳಿದರೆ ಪಿಂಚಣಿ ಇಲ್ಲ. ಕಡಿಮೆ ಬರೆಸಿದರೆ ಪಿಂಚಣಿ ಇದೆ, ಜೊತೆಗೆ ‘ಅನರ್ಹರು’ ಅಂತ ಪಟ್ಟಿಯಿಂದ ತೆಗೆದುಹಾಕೋ ಭಯವೂ ಇದೆ. ಪ್ರಾಮಾಣಿಕವಾಗಿ ಬದುಕೋಕೆ ಆಗದಂಥ ನಿಯಮ ಮಾಡಿಟ್ಟು, ಆಮೇಲೆ ಜನ ಸುಳ್ಳು ಹೇಳ್ತಾರೆ ಅಂದ್ರೆ ಹೇಗೆ?

‘ಆದರೆ ಗೃಹಲಕ್ಷ್ಮಿ 2,000 ಬರುತ್ತಲ್ಲ’ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೇ ಪ್ರಶ್ನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಯೋಜನೆ ಅದು. ಬಹಳ ವಿಧವೆಯರಿಗೆ ಅದರಿಂದ ನಿಜವಾದ ಆಸರೆ ಸಿಕ್ಕಿದೆ. ಆದರೆ ಆ ದುಡ್ಡು ಹೋಗೋದು ಮನೆಯ ಯಜಮಾನಿಗೆ, ಒಂದು ಕುಟುಂಬಕ್ಕೆ ಒಬ್ಬರಿಗೆ. ನಮ್ಮ ಉದಾಹರಣೆಯ ಹೆಂಗಸಿನ ಹೆಸರಿರೋದು ಅತ್ತೆಯ ರೇಷನ್ ಕಾರ್ಡಿನಲ್ಲಿ. ಹಾಗಾಗಿ ಆ 2,000 ಅತ್ತೆಯ ಖಾತೆಗೆ. ಅತ್ತೆ ಒಳ್ಳೆಯವರೇ ಇರಬಹುದು. ಆದರೂ ಮಗುವಿಗೆ ಜ್ವರ ಬಂದಾಗ, ಸ್ಕೂಲಿನ ನೋಟ್‌ಬುಕ್ ತರಬೇಕಾದಾಗ, ಯಾರ ಮುಂದೂ ಕೈ ಚಾಚದೆ ಖರ್ಚು ಮಾಡೋಕೆ ಅವಳ ಸ್ವಂತ ಹೆಸರಿಗೆ ಬರೋ ಹಣ ಒಂದೇ. ಆ 800.

ಅದಕ್ಕೇ ಈ ಸಣ್ಣ ಮೊತ್ತದ ಬಗ್ಗೆ ಇಷ್ಟು ಮಾತಾಡ್ತಿದ್ದೀನಿ. ದಿನಕ್ಕೆ 27 ರೂಪಾಯಿಯೂ ಆಗೋದಿಲ್ಲ ಅದು. ಅದರಲ್ಲಿ ಸಂಸಾರ ನಡೆಯೋದಿಲ್ಲ. ಆದರೆ ಮನೆಯೊಳಗೆ ಒಂದು ಮಾತು ಆಡೋ ಧೈರ್ಯ ಬರೋದು ಅಂಥ ದುಡ್ಡಿನಿಂದಲೇ.

ಸರಿ, ಈಗ ಹಣಕಾಸು ಇಲಾಖೆಯ ಕುರ್ಚಿಯಲ್ಲಿ ಕೂತು ಯೋಚಿಸೋಣ. ಅವರ ಭಯವೂ ಸುಳ್ಳಲ್ಲ. ಸೇತುವೆ ಕಟ್ಟಿದರೆ ಖರ್ಚು ಒಂದು ಸಲ. ಪಿಂಚಣಿ ಹೆಚ್ಚಿಸಿದರೆ ಖರ್ಚು ಪ್ರತಿ ವರ್ಷ. ಒಮ್ಮೆ ಏರಿಸಿದ್ದನ್ನ ಇಳಿಸೋಕೆ ಯಾವ ಸರ್ಕಾರಕ್ಕೂ ಆಗೋದಿಲ್ಲ. ಇದೇ ಹಣವನ್ನ ಶಾಲೆಗೋ ಆಸ್ಪತ್ರೆಗೋ ಹಾಕಬಹುದಿತ್ತು ಅನ್ನೋ ವಾದವೂ ಇದೆ. ಪಕ್ಕದ ಆಂಧ್ರಪ್ರದೇಶ 2024ರ ಜುಲೈಯಿಂದ ವಿಧವಾ ಪಿಂಚಣಿಯನ್ನ ತಿಂಗಳಿಗೆ 4,000 ಮಾಡಿತು. ಅದನ್ನೇ ಇಲ್ಲಿ ಮಾಡಿದರೆ? 17.25 ಲಕ್ಷ ಜನಕ್ಕೆ ವರ್ಷಕ್ಕೆ 8,280 ಕೋಟಿ. ದೊಡ್ಡ ಮೊತ್ತ. ನಾಳೆಯೇ ಕೊಡಿ ಅಂತ ನಾನು ಹೇಳೋದಿಲ್ಲ. ತಮಿಳುನಾಡು 2023ರಲ್ಲಿ 1,000ದಿಂದ 1,200ಕ್ಕೆ ಏರಿಸಿತು. ಅಂದ್ರೆ 800 ಮತ್ತು 4,000ದ ನಡುವೆ ಬಹಳ ಜಾಗ ಇದೆ.

ಹಾಗಾದ್ರೆ ಸುಧಾರಣೆಗೆ ನಿಜವಾಗಿ ಎಷ್ಟು ಖರ್ಚು? 17.25 ಲಕ್ಷ ಅನ್ನೋ ಅದೇ 2021ರ ಸಂಖ್ಯೆ ಇಟ್ಟುಕೊಂಡು ಮೂರು ಲೆಕ್ಕ ಮಾಡಿದ್ದೀನಿ.

ಮೊದಲನೇದು, ತುಟ್ಟಿಭತ್ಯೆಯಂಥ ವ್ಯವಸ್ಥೆ. ತಿಂಗಳಿಗೆ 800ರಂತೆ ವರ್ಷದ ಒಟ್ಟು ಖರ್ಚು 1,656 ಕೋಟಿ. ಬೆಲೆಗಳು ವರ್ಷಕ್ಕೆ ಶೇ 5ರಷ್ಟು ಏರುತ್ತವೆ ಅಂದುಕೊಳ್ಳಿ. ಪಿಂಚಣಿಯನ್ನೂ ಅಷ್ಟೇ ಏರಿಸಿದರೆ ಒಬ್ಬರಿಗೆ ತಿಂಗಳಿಗೆ 40 ರೂಪಾಯಿ ಹೆಚ್ಚು. ಸರ್ಕಾರಕ್ಕೆ ಮೊದಲ ವರ್ಷದಲ್ಲಿ ಸುಮಾರು 83 ಕೋಟಿ. 2025-26ರ ಕರ್ನಾಟಕ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಅದರ ಮುಂದೆ 83 ಕೋಟಿ ಇಟ್ಟು ನೋಡಿ. ಪ್ರತಿ ವರ್ಷ ಇದು ಕೂಡ್ತಾ ಹೋಗುತ್ತೆ, ನಿಜ. ಆದರೆ ಬೆಲೆ ಏರಿದಾಗ ಸರ್ಕಾರಕ್ಕೆ ಬರೋ ತೆರಿಗೆಯೂ ಏರುತ್ತೆ. ಇದರಲ್ಲಿ ಯಾರಿಗೂ ಹೊಸದಾಗಿ ಏನೂ ಕೊಟ್ಟ ಹಾಗಾಗೋದಿಲ್ಲ. ಕೊಟ್ಟಿದ್ದು ಕರಗದಂತೆ ನೋಡಿಕೊಂಡ ಹಾಗಾಗುತ್ತೆ, ಅಷ್ಟೆ.

ಎರಡನೇದು, ಆದಾಯ ಮಿತಿ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯ ಮಿತಿ 1.2 ಲಕ್ಷ. ಪಿಂಚಣಿಗೆ 32,000. ಒಂದೇ ರಾಜ್ಯ, ಬಡತನಕ್ಕೆ ಎರಡು ಅಳತೆಗೋಲು. ಬಿಪಿಎಲ್ ಕಾರ್ಡ್ ಇದ್ದರೆ ಸಾಕು, ಬೇರೆ ಆದಾಯ ಪ್ರಮಾಣಪತ್ರ ಬೇಡ ಅಂತ ಮಾಡಿದರೆ ಎಷ್ಟು ಖರ್ಚಾಗುತ್ತೆ? ಹೊಸದಾಗಿ ಸೇರೋ ಪ್ರತಿ 1 ಲಕ್ಷ ಮಹಿಳೆಯರಿಗೆ ವರ್ಷಕ್ಕೆ 96 ಕೋಟಿ. 5 ಲಕ್ಷ ಜನ ಸೇರಿದರು ಅಂದುಕೊಂಡರೂ 480 ಕೋಟಿ. ಖರ್ಚು ಇದೆ, ಇಲ್ಲ ಅಂತಲ್ಲ. ಆದರೆ ಅರ್ಜಿ ಹಾಕೋಕೆ ಸುಳ್ಳು ಬರೆಸೋ ಅಗತ್ಯ ತಪ್ಪುತ್ತೆ, ಒಂದು ಪ್ರಮಾಣಪತ್ರಕ್ಕಾಗಿ ಅಲೆಯೋದು ತಪ್ಪುತ್ತೆ.

ಮೂರನೇದು, ದೊಡ್ಡ ಹೆಜ್ಜೆ. 800ನ್ನ ಗೃಹಲಕ್ಷ್ಮಿಯಷ್ಟೇ, ಅಂದ್ರೆ 2,000 ಮಾಡೋದು. ಹೆಚ್ಚುವರಿ ಖರ್ಚು ವರ್ಷಕ್ಕೆ 2,484 ಕೋಟಿ. ಹಳೆಯದನ್ನೂ ಸೇರಿಸಿದರೆ ಒಟ್ಟು 4,140 ಕೋಟಿ. ರಾಜ್ಯ ಬಜೆಟ್‌ನ ಹೆಚ್ಚೂಕಡಿಮೆ ಶೇ 1. ಅಂದ್ರೆ ಸರ್ಕಾರ ಖರ್ಚು ಮಾಡೋ ಪ್ರತಿ 100 ರೂಪಾಯಿಯಲ್ಲಿ 1 ರೂಪಾಯಿ. ಹೋಲಿಕೆಗೆ ಹೇಳ್ತೀನಿ, ಗೃಹಲಕ್ಷ್ಮಿಗೆ 2025-26ರಲ್ಲಿ ಇಟ್ಟಿದ್ದು 28,608 ಕೋಟಿ. ಈ ಹೆಜ್ಜೆಗೆ ಹಣ ಇದೆಯೋ ಇಲ್ಲವೋ ಅನ್ನೋದರ ಬಗ್ಗೆ ಪ್ರಾಮಾಣಿಕವಾಗಿ ಚರ್ಚೆ ಆಗಲಿ. ಬೇಕಿದ್ದರೆ ಹಂತ ಹಂತವಾಗಿ ಆಗಲಿ.

ನನ್ನನ್ನ ಕೇಳಿದ್ರೆ, ಈ ಮೂರರಲ್ಲಿ ಮೊದಲು ಆಗಬೇಕಾದ್ದು ಅತಿ ಅಗ್ಗದ್ದು. ಆ 83 ಕೋಟಿಯದ್ದು. ಯಾಕಂದ್ರೆ 2,000 ಮಾಡಿ ಮತ್ತೆ ಹತ್ತು ವರ್ಷ ಮರೆತುಬಿಟ್ಟರೆ, ಆ 2,000ವೂ ಕೇಂದ್ರದ 300ರ ದಾರಿಯನ್ನೇ ಹಿಡಿಯುತ್ತೆ. ಒಬ್ಬ ನಾಯಕರ ಔದಾರ್ಯಕ್ಕೆ ಬಿಟ್ಟ ಪಿಂಚಣಿ ಚುನಾವಣೆ ಬಂದಾಗ ಏರುತ್ತೆ, ಚುನಾವಣೆ ಹೋದಾಗ ಕರಗುತ್ತೆ. ನಿಯಮಕ್ಕೆ ಕಟ್ಟಿದ ಪಿಂಚಣಿಗೆ ಯಾರ ದಯೆಯೂ ಬೇಕಿಲ್ಲ. ನಮ್ಮ ಸಂವಿಧಾನದ 41ನೇ ವಿಧಿ ವೃದ್ಧಾಪ್ಯ, ಕಾಯಿಲೆ, ನಿರುದ್ಯೋಗ, ಹೀಗೆ ತಮ್ಮದಲ್ಲದ ತಪ್ಪಿಗೆ ಕಷ್ಟಕ್ಕೆ ಬಿದ್ದವರಿಗೆ ಸರ್ಕಾರ ನೆರವಾಗಬೇಕು ಅನ್ನುತ್ತೆ. ಅದರ ಜೊತೆಗೆ ಒಂದು ಷರತ್ತೂ ಇದೆ: ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ. 83 ಕೋಟಿ ಕರ್ನಾಟಕದ ಶಕ್ತಿ ಮೀರಿದ್ದು ಅಂತ ಹೇಳೋಕೆ ಯಾರಿಗಾದ್ರೂ ಧೈರ್ಯ ಇದೆಯಾ?

ಕೊನೆಯಲ್ಲಿ, ನಿಮ್ಮ ಕೈಯಲ್ಲಿರೋ ಫೋನಿನಿಂದ ಆಗೋ ಕೆಲಸ. ಪಿಂಚಣಿ ನಿಂತುಹೋಗೋದಕ್ಕೆ ಸಾಮಾನ್ಯ ಕಾರಣ ಒಂದಿದೆ: ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ತೊಂದರೆ. ಹಣ ಯಾವ ಖಾತೆಗೆ ಹೋಗ್ತಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರೋದಿಲ್ಲ. ನಿಮ್ಮ ಓಣಿಯಲ್ಲಿ, ನಿಮ್ಮ ಸಂಬಂಧಿಕರಲ್ಲಿ ಇಂಥ ಅಕ್ಕನೋ ಚಿಕ್ಕಮ್ಮನೋ ಇದ್ದರೆ, ಪಕ್ಕದಲ್ಲಿ ಕೂತು ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆದು ನೋಡಿ. ಹಣ ಬಂದಿದೆಯಾ, ಯಾವ ಬ್ಯಾಂಕಿಗೆ ಅಂತ ಅದರಲ್ಲಿ ಗೊತ್ತಾಗುತ್ತೆ. ಯಾವ ಖಾತೆ ಆಧಾರ್‌ಗೆ ಜೋಡಣೆಯಾಗಿದೆ ಅನ್ನೋದನ್ನ ಆಧಾರ್ ಜಾಲತಾಣದಲ್ಲಿ ನೋಡಬಹುದು. ಓಟಿಪಿ ಅವರ ಫೋನಿಗೇ ಬರಲಿ, ಅವರ ಎದುರಲ್ಲೇ ಹಾಕಿ, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ. ಹತ್ತು ನಿಮಿಷದ ಕೆಲಸ. ಅವರಿಗೆ ಒಂದು ದಿನದ ಕೂಲಿ ಉಳಿಯುತ್ತೆ.

ಮುಂದಿನ ಸಲ ಬಜೆಟ್ ಮಂಡನೆಯಾದಾಗ ಟಿವಿಯ ಕೆಳಗಿನ ಪಟ್ಟಿಯಲ್ಲಿ ‘ಬೊಕ್ಕಸಕ್ಕೆ ಇಷ್ಟು ಕೋಟಿ ಹೊರೆ’ ಅಂತ ಓಡುತ್ತೆ. ಆಗ ಫೋನ್ ತೆಗೆದು ಆ ಕೋಟಿಯನ್ನ ಜನರ ಸಂಖ್ಯೆಯಿಂದ ಭಾಗಿಸಿ, ಮತ್ತೆ 12ರಿಂದ ಭಾಗಿಸಿ. ಒಬ್ಬ ಹೆಂಗಸಿಗೆ ತಿಂಗಳಿಗೆ ಎಷ್ಟು ಅಂತ ಬರುತ್ತಲ್ಲ, ಆ ಸಂಖ್ಯೆಯ ಬಗ್ಗೆ ಮಾತಾಡೋಣ.